ಎರಡೇಟು

ತೀನ್ ಕಂದೀಲ್ ಹತ್ತಿರದ ಹಲ್ಲಿನ ದವಾಖಾನೆ.
ಹೊರಗೆ ರಾಯಚೂರಿನ ಬಿಸಿಲು, ಒಳಗೆ ಎಸಿ,
ಗಾಜಿನ ಡಬ್ಬಿಯಲ್ಲಿ ಎರಡು ಕೆಂಪು ಮೀನು,
ಗೋಡೆಯ ಮೂಲೆಯಿಂದ ಕೊಳಲು.

ಮೊದಲು ಕೇಳಿಸಲಿಲ್ಲ. ಕೇಳಲಿ ಎಂದು ಇಟ್ಟದ್ದೂ ಅಲ್ಲ ಅದು,
ಒಳಕೋಣೆಯ ಯಂತ್ರದ ಕೊರೆತ ಮರೆಯಾಗಲಿ ಎಂದು ಇಟ್ಟದ್ದು.
ಕಿವಿಗಿಂತ ಮೊದಲು ನನ್ನ ಮೊಣಕಾಲು
ಗುರುತು ಹಿಡಿಯಿತು.

ಮೌಲಪ್ಪನ ಹಾಡು.

ಬಂಗಾರ ನಿಮ್ಮದಾದರೆ ಧೂಳು ಯಾರದು, ಅಂತ
ಹಟ್ಟಿಯ ಗಣಿ ಬಾಗಿಲಲ್ಲಿ, ಎರಡನೇ ಪಾಳಿ ಬಿಡುವ ಹೊತ್ತಿಗೆ
ತಲೆಯ ದೀಪ ಆರಿಸದೆ ನಿಂತು ಅವನು ಕೇಳಿದ್ದು.
ಹಲಗಿ ನನ್ನದು. ಕಾಯಿಸಲಿಕ್ಕೆ ಜಾಲಿ ಪುಳ್ಳಿ, ಹಳೆ ಟೈರಿನ ಚೂರು.

ಲಿಂಗಸುಗೂರಿನ ಒಂದು ಕೋಣೆಯಲ್ಲಿ ಕ್ಯಾಸೆಟ್ಟಾಯಿತು,
ಫ್ಯಾನ್ ನಿಲ್ಲಿಸಿ, ಕಿಟಕಿಗೆ ಕೌದಿ ಕಟ್ಟಿ.
ಹೋಟೆಲಿನವರು ಹಚ್ಚಿದರೆ ಫೌಜದಾರ ಬಂದು
ರೀಲು ಎಳೆಸಿ ಬೇವಿನ ಗಿಡಕ್ಕೆ ಸುತ್ತಿಸುತ್ತಿದ್ದ.
ತಿಂಗಳುಗಟ್ಟಲೆ ಗಾಳಿಗೆ ಮಿನುಗುತ್ತಿತ್ತು ಆ ಕರಿ ಪಟ್ಟಿ.
ನಾವು ಕೆಳಗೆ ನಿಂತು ಬೀಡಿ ಸೇದುತ್ತಿದ್ದೆವು,
ಗಿಡವೇ ಹಾಡುತ್ತದೆ ಅನ್ನುವ ಹಾಗೆ.

ಆ ಸಾಲಿನ ನಡುವೆ ಒಂದು ಖಾಲಿ ಜಾಗ ಇದೆ.
ಧೂಳು ಅಂದ ಮೇಲೆ ಮೌಲಪ್ಪ ನಿಲ್ಲುತ್ತಿದ್ದ.
ಮಂದಿ ಅದನ್ನು ಗತ್ತು ಅಂದರು, ಸವಾಲು ಅಂದರು,
ಬಳ್ಳಾರಿಯಿಂದ ಬಂದ ಮೇಷ್ಟರೊಬ್ಬರು
ಆ ಮೌನದ ಮೇಲೆಯೇ ಅರ್ಧ ತಾಸು ಭಾಷಣ ಮಾಡಿದರು.
ಅದು ಉಸಿರು.
ಹನ್ನೊಂದು ವರ್ಷ ಕಲ್ಲಿನ ಹುಡಿ ಕುಡಿದ ಎದೆ
ಒಂದೇ ದಮ್ಮಿಗೆ 'ಯಾರದು' ತನಕ ಮುಟ್ಟುತ್ತಿರಲಿಲ್ಲ.
ಒಳಗಿನ ಸಿಳ್ಳು ಯಾರಿಗೂ ಕೇಳಬಾರದೆಂದು
ನಾನು ಅಲ್ಲಿ ಎರಡೇಟು ಹಾಕುತ್ತಿದ್ದೆ.
ಅಷ್ಟೇ ನನ್ನ ಕಲೆ.

ಆಮೇಲೆ ಹಾಡು ನಮ್ಮನ್ನು ಬಿಟ್ಟು ಊರೂರು ತಿರುಗಿತು.
ಚುನಾವಣೆಯ ಜೀಪಿನಲ್ಲಿ ಧೂಳಿನ ಜಾಗಕ್ಕೆ ಯಾರದೋ ಹೆಸರು ಕೂತಿತು.
ಸಿಂಧನೂರಿನ ಬ್ಯಾಂಡಿನವರು ಮದುಮಗನ ಕುದುರೆಯ ಮುಂದೆ ಊದಿದರು.
ಸಂತೆಯಲ್ಲಿ ಒಮ್ಮೆ ಬದನೆಕಾಯಿ ಮಾರುವವಳ ಸೆರಗಿನ ಗಂಟಿನಿಂದ
ಫೋನಾಗಿ ಕೂಗಿತು, ಅವಳು ಅದರ ಬಾಯಿ ಮುಚ್ಚಿದಳು.
ನಾನು ಬೈಯುವಂತಿಲ್ಲ.
ಮೊದಲು ಅದನ್ನು ಮೆತ್ತಗೆ ಮಾಡಿದವನು ನಾನೇ.
ಮಗಳು ದ್ಯಾವಿಗೆ ದಡಾರ ಎದ್ದ ರಾತ್ರಿಗಳಲ್ಲಿ
ಬೇರೆ ಜೋಗುಳ ಬಾರದೆ ಇದನ್ನೇ ಗುನುಗಿದೆ,
ಧೂಳು ಅನ್ನುವಲ್ಲಿ ಬೆನ್ನಿಗೆ ಎರಡು ಸಲ ತಟ್ಟಿ.
ಮೌಲಪ್ಪ ಆಗಿನ್ನೂ ಇದ್ದ, ಹೊರಗೆ ಕಟ್ಟೆಯ ಮೇಲೆ.
ಕೆಮ್ಮುತ್ತ ನಗುತ್ತಿದ್ದ:
"ಈ ಹಾಡಿಗೆ ಮಂದಿ ಏಳ್ತಾರಂತಿದ್ನೆಪಾ,
ನಿನ್ನ ಮಗಳು ನೋಡು, ಮಲಗೇಬಿಟ್ಲು."

ಚೀಟಿ ಬರೆಯುವ ಹುಡುಗಿ ನಸೀಮಾ
ಪೆನ್ನು ಕಚ್ಚಿಕೊಂಡು ಅದೇ ರಾಗ ಗುನುಗುತ್ತಿದ್ದಳು.
ಯಾವ ಹಾಡಮ್ಮ ಇದು, ಕೇಳಿದೆ.
"ಯಾರಿಗೆ ಗೊತ್ರಿ ತಾತಾ,
ಪೇಷಂಟು ಅಂಜಬಾರದಂತ ಡಾಕ್ಟ್ರು ಹಚ್ಚಿಸ್ತಾರ."

ಅಂಜಬಾರದಂತ.
ಹೌದು, ಕಟ್ಟಿದ್ದೂ ಅದಕ್ಕೇ.

ಒಳಗೆ ಕರೆದರು. ಸೂಜಿ ಕೊಟ್ಟರು.
ಅರ್ಧ ಮುಖ ಈಗ ನನ್ನದಲ್ಲ.
ಕಣ್ಣ ಮೇಲೆ ಡಾಕ್ಟರ ಹಣೆಯ ದೀಪ,
ಅವರು ಬಗ್ಗಿ ನನ್ನ ಬಾಯಿಯೊಳಗೆ ಇಳಿಯುತ್ತಿದ್ದಾರೆ.

ಕೊಳಲು ಆ ಸಾಲಿಗೆ ಬಂತು.
ಊದಿದವನು ಯಾರೋ, ಎಲ್ಲಿಯವನೋ, ಎದೆ ಗಟ್ಟಿಯಿದ್ದವನು,
ಇಡೀ ಸಾಲು ಒಂದೇ ದಮ್ಮಿಗೆ ಊದಬಲ್ಲವನು.
ಆದರೂ ಧೂಳಿನ ಹತ್ತಿರ ನಿಂತ.
ಸರಿಯಾಗಿ ಅಷ್ಟೇ ಹೊತ್ತು.
ಮೌಲಪ್ಪನ ಉಸಿರಿನಷ್ಟು ಖಾಲಿ,
ಯಾರೂ ಮುಚ್ಚದೆ.

ಕುರ್ಚಿಯ ಕೈಗೆ ನನ್ನ ಬೆರಳು ಎರಡೇಟು ಹಾಕಿತು.
"ನೋವಾತೇನ್ರಿ?" ಇಕ್ಕಳ ತಡೆದು ಕೇಳಿದರು.
ಬಾಯಿ ತುಂಬ ಹತ್ತಿ. ತಲೆ ಅಲ್ಲಾಡಿಸಿದೆ,
ಹೌದೋ ಅಲ್ಲವೋ ಅವರಿಗೆ ತಿಳಿಯಲಿಲ್ಲ.