ಹನ್ನೆರಡು ನಿಮಿಷ

ವಾಡಿ ಜಂಕ್ಷನ್ನಿನ ಹಿಂದ, ರೈಲ್ವೆ ಕಾಲೊನಿ ಅಂಗಳದಾಗ
ಹಗಲೆಲ್ಲ ಬಿಸಿಲು ಕುಡಿದ ಸಿಮೆಂಟು
ರಾತ್ರಿ ಒಂಬತ್ತಾದರೂ ಬೂಟಿನ ತಳ ಸುಡ್ತದ.
ಸೆಮಿಫೈನಲ್ಲಿಗೆ ಇನ್ನ ಎಂಟು ದಿನ.
ನನ್ನ ಕೈಯಾಗ ಚೆಂಡಿಲ್ಲ,
ನೂರು ಪುಟದ ನೋಟುಬುಕ್ಕದ.

ಲಾಡ್ಲೆಸಾಬ, ನಲವತ್ತೊಂದು: ಬಲ ಮೊಣಕಾಲು.
ದೇವದಾನ, ಮೂವತ್ತೊಂಬತ್ತು: ಸೊಂಟ, ಮತ್ತ ಬಾಯಿ.
ತಿಪ್ಪಣ್ಣ, ಮೂವತ್ತಾರು ಅಂತಾನ;
ಸರ್ವಿಸ್ ಬುಕ್ಕು ಬ್ಯಾರೆ ಹೇಳ್ತದ.

ಹುಡುಗರಿಗೆ ಓಡ್ರಿ ಅನ್ನೋದು ಸಸಾರ.
ಸೀಟಿ ಊದಿದ್ರ ಆತು.
ಇವರಿಗೆ ಕೂಡ್ರಿ ಅನ್ನಬೇಕು.
ಅದಕ್ಕ ಯಾವ ಸೀಟಿ?

ಲಾಡ್ಲೆಸಾಬನ ಹೆಸರಿನ ಮುಂದ ಬರದೆ: ಹನ್ನೆರಡು ನಿಮಿಷ.
ನಲವತ್ತು ನಿಮಿಷದ ಆಟದಾಗ ಇಷ್ಟೇ, ಹೆಚ್ಚಿಲ್ಲ.
ಬಗ್ಗಿ ಓದಿದ, ಟವೆಲ್ಲು ಜಾಡಿಸಿದ:
‘ಏನ್ರಿ ಸಾಹೇಬ್ರ, ರೇಶನ್ ಅಂಗಡಿ ತಗದೀರೇನು?’

ಆಟ ಮುಗದ ಮ್ಯಾಲ
ಕಬ್ಬಿನ ಹಾಲಿನ ಗಾಡಿ ಜಾಫರ ಉಳಿಸಿಟ್ಟ ಬರ್ಫ,
ಗೋಣಿಚೀಲದಾಗ ಸುತ್ತಿ ಮೊಣಕಾಲಿಗೆ.
ಚೀಲಕ್ಕ ನಿಂಬಿ, ಶುಂಠಿ, ಸಕ್ರಿ ವಾಸನಿ.
ಇರುವಿ ಸಾಲು ಹಿಡಿದು ಬರ್ತಾವ.
‘ನೋಡ್ರಿ, ಇಪ್ಪತ್ತು ವರ್ಷ ಆಡಿದ್ದಕ್ಕ
ಕಾಲು ಸಿಹಿ ಆಗ್ಯದ’ ಅಂತ ನಗ್ತಾನ.
ಎದ್ದು ನಿಲ್ಲುವಾಗ ಮಾತ್ರ ನಗಂಗಿಲ್ಲ,
ಕಂಬ ಹಿಡೀತಾನ.

ಐದನೇ ರಾತ್ರಿ, ಎರಡೂವರೆ ಹೊತ್ತು,
ನಾದಿನಿಗೆ ಗಾಡಿ ಹತ್ತಿಸಿ ಹೊಳ್ಳಿ ಬರ್ತಿದ್ದೆ.
ಯಾರ್ಡಿನಾಗ ಕಲ್ಲಿದ್ದಲಿನ ಗಾಡಿ ನಿಂತಿತ್ತು.
ಅದರ ಬಾಜೂಕ ಒಂದು ಬ್ಯಾಟರಿ ಬೆಳಕು
ಕೂಡ್ತದ, ಏಳ್ತದ, ನಾಕು ಹೆಜ್ಜಿ ಕುಂಟ್ತದ,
ಮತ್ತ ಕೂಡ್ತದ.
ಸುತ್ತಿಗಿ ಗಾಲಿಗೆ ತಾಕಿದ ಸದ್ದು.

ಆ ಕುಂಟು ನನಗ ಗೊತ್ತು.

ಐವತ್ತೆಂಟು ಡಬ್ಬಿ. ಆ ಕಡಿ, ಈ ಕಡಿ.
ಕಾಲಾಗ ಜಾರೋ ಜಲ್ಲಿಕಲ್ಲು.
ಬೆಳಗಾಗೂದ್ರಾಗ ಇಂಥವು ಮೂರು ಗಾಡಿ.
ನೋಟುಬುಕ್ಕು ಜೇಬಿನಾಗೇ ಇತ್ತು,
ಇದಕ್ಕೊಂದು ಕಾಲಮ್ಮು ನಾ ಹೊಡದೇ ಇರಲಿಲ್ಲ.

‘ನಿಂದು ಹಗಲ ಡ್ಯೂಟಿ ಅಲ್ಲೇನೋ ಈ ವಾರ?’
ಬೆಳಕು ನನ್ನ ಮಾರಿಗೆ ಹಿಡಿದ, ಕಳ್ಳ ಸಿಕ್ಕಂಗ ಇಳಿಸಿದ.
‘ದೇವದಾನಂದು ರಾತ್ರಿ ಇತ್ರಿ. ಅವನ ಸೊಂಟ...
ನೀವೇ ಅಂದ್ರಲ್ಲ, ಆರಾಮ ಬೇಕಂತ.
ಬದಲಿ ಮಾಡ್ಕೊಂಡೆ. ಅವ ಮಲಗ್ಲಿ.’

ಬೈಯಾಕಂತ ತಗದ ಬಾಯಿ ಹಂಗೇ ಉಳೀತು.
ಬ್ಯಾಟರಿ ಕಸಗೊಂಡೆ.
ಉಳಿದ ಇಪ್ಪತ್ತೊಂದು ಡಬ್ಬಿಗೆ ನಾನೇ ಬೆಳಕು ಹಿಡದೆ.
ಹದಿನಾರನೇದಕ್ಕ ನನ್ನ ಮೊಣಕಾಲೂ ಕಟಕ್ ಅಂತು.
ಇಬ್ಬರೂ ಕೇಳಿಸಿಕೊಂಡ್ವಿ. ಯಾರೂ ಮಾತಾಡಲಿಲ್ಲ.

ಮುಂಜಾನೆ ಇನ್‌ಚಾರ್ಜ್ ಸಾಹೇಬರ ಮುಂದ ಅರ್ಜಿ.
‘ಆಟಕ್ಕ ರಜಾ ಕೇಳ್ತಾರ, ಕೊಡ್ತೀವಿ.
ನಿದ್ದಿಗೆ ಅರ್ಜಿ ಕೊಟ್ಟಾಂವ ನೀನೇ ಮೊದಲು.’
ಚಾ ಆರೂತನಕ ಯೋಚನಿ ಮಾಡಿ
ಒಂದು ರಾತ್ರಿ ಬರದುಕೊಟ್ರು. ಒಂದೇ.

ಇವತ್ತು ಶನಿವಾರ. ಕಲಬುರಗಿಯಾಗ ಐದಕ್ಕ ಆಟ.
ಲಾಡ್ಲೆಸಾಬನ ಮನಿ ಮುಂದ, ಫರಸಿ ಕಟ್ಟಿ ಮ್ಯಾಲ
ಅವನ ಬೂಟು ತೊಡಿ ಮ್ಯಾಲಿಟ್ಟುಕೊಂಡು ಕೂತೀನಿ.
ಒಳಗಿಂದ ರಝಿಯಾ ಬಾಗಿಲ ಸಂದಿನಾಗ ಕೇಳ್ತಾಳ:
‘ಎಬ್ಬಿಸ್ಲೇನ್ರಿ? ರಾತ್ರಿ ಹತ್ತಕ್ಕ ಬಿದ್ದಾಂವ,
ಉಂಡು ಮತ್ತ ಬಿದ್ದಾನ.’
ಬ್ಯಾಡ ಅಂತ ಕೈ ಮಾಡ್ತೀನಿ.

ಓಣಿ ಹುಡುಗನೊಬ್ಬ ಚೆಂಡು ಪುಟಿಸ್ಕೋತ ಬರ್ತಾನ.
ಇಪ್ಪತ್ತು ವರ್ಷ ಪುಟಿಸು, ಪುಟಿಸು ಅಂತ ಒದರಿದ ಬಾಯಿಗೆ
ಬಟ್ಟು ಇಡ್ತೀನಿ.
ಹುಡುಗ ಚೆಂಡು ಎದಿಗವಚಿ ನಿಲ್ತಾನ.

ಮೂಲ್ಯಾಗ ಬಸ್ಸಿನಾಂವ ಹಾರ್ನ್ ಒತ್ತಾಕ ಕೈ ಎತ್ಯಾನ.
ತಡಿಯೋ ಮಾರಾಯ,
ಇನ್ನ ಹನ್ನೆರಡು ನಿಮಿಷ ಅದ.
ಒಳಗ ಗೊರಕಿ
ಗೂಡ್ಸ್ ಗಾಡಿಯಂಗ, ಅವಸರಿಲ್ಲದ,
ಒಂದೊಂದೇ ಡಬ್ಬಿ ದಾಟಿಸ್ತದ.