ಅಜ್ಜಿ ಗೇರು

ಬೆಂಚಿನ ಮೇಲೆ ಮೂರು ಗೇರ್‌ಬಾಕ್ಸು.
ಆರ್ವಲ್ ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡು
ದನದ ಸಂತೆಯ ದಲ್ಲಾಳಿಯಂತೆ
ಒಂದೊಂದರ ಹಲ್ಲು ತೋರಿಸಿದ.

"ಇದು ನಿನ್ನ ಗಾಡಿಯಲ್ಲಿರುವುದರ ತಂಗಿ, ಗ್ರಾಕ್ಸಿ.
ಒಳಗಿನ ಉಂಗುರ ಹೊಸದು, ಸ್ವಭಾವ ಹಳೆಯದೇ.
ಅದು ಡೀಸೆಲ್ ಗಾಡಿಯದು, ಐದು ಗೇರು,
ಎತ್ತಲು ಇಬ್ಬರು ಆಳು, ಬದಲಿಸಲು ಒಂದು ಮಧ್ಯಾಹ್ನ ಬೇಕು.
ಇನ್ನು ಇದು..."
ಅಲ್ಯುಮಿನಿಯಂ ಮೈ ತಟ್ಟಿ
ಮೋಟು ಸನ್ನೆಯನ್ನು ಎರಡೇ ಬೆರಳಲ್ಲಿ ನೂಕಿದ.
ಟಕ್. ಟಕ್.
ಇಸ್ಪೀಟಿನ ಎಲೆ ಮೇಜಿಗಿಟ್ಟಷ್ಟೇ ಸದ್ದು.

ನನ್ನದು ಎಪ್ಪತ್ತಮೂರರ ಫೋರ್ಡು.
ಎರಡರಿಂದ ಮೂರಕ್ಕೆ ಬೀಳುವಷ್ಟರಲ್ಲಿ
ಒಂದು ಜಪ ಮುಗಿಯುತ್ತದೆ.
ಚಳಿಯ ಬೆಳಗ್ಗೆ ಒಳಗಿನ ಎಣ್ಣೆ ಜೋನಿಬೆಲ್ಲ.
ಕ್ಲಚ್ಚು ಒತ್ತು, ನ್ಯೂಟ್ರಲ್ಲಿಗೆ ತಾ, ಬಿಡು,
ಕಾಯಿ,
ಮತ್ತೆ ಒತ್ತು.
ಅವಸರಪಟ್ಟರೆ ಹಲ್ಲು ಕಡಿಯುತ್ತದೆ.

ಗುರುವಾರ ಸಂಜೆ ವಿನ್ನೆಮಕ್ಕಕ್ಕೆ ಎಪ್ಪತ್ತು ಮೈಲಿ.
ಹಳೆಯ ಹೋಟೆಲಿನ ಊಟದ ಕೋಣೆಯಲ್ಲಿ
ಮುಸ್ ಆಡುತ್ತೇವೆ, ಇಬ್ಬರಿಬ್ಬರು ಜೋಡಿ.
ನನ್ನ ಜೋಡಿ ಪೆಯೊ, ವೆಲ್ಡಿಂಗ್ ಬಿಟ್ಟು ನಾಲ್ಕು ವರ್ಷ.
ಎರಡು ರಾಜ ಬಂದರೆ ಕೆಳತುಟಿ ಕಚ್ಚುತ್ತಾನೆ,
ಏನೂ ಬರದಿದ್ದರೆ ಕಣ್ಣು ಮುಚ್ಚುತ್ತಾನೆ.
ಆಟದಲ್ಲಿ ಸಂಜ್ಞೆಗೆ ಅನುಮತಿಯಿದೆ, ಸುಳ್ಳು ಸಂಜ್ಞೆಗಿಲ್ಲ.

ಗುಡ್ಡದ ಏರಿನಲ್ಲಿ ಬೆನ್ನಿಗೇ ಹದಿನೆಂಟು ಚಕ್ರದ ಲಾರಿಯ ಹಾರ್ನು.
ನಾಲ್ಕರಿಂದ ಮೂರಕ್ಕೆ ಇಳಿಸುವಷ್ಟರಲ್ಲಿ
ಗಾಡಿಯ ಉಸಿರೇ ನಿಂತಿರುತ್ತದೆ.
ನಾನು ಮುಟ್ಟುವಾಗ ಸೂಪು ಆರಿ
ಮೂವರೂ ಸುಮ್ಮನೆ ಎಲೆ ಕಲಸುತ್ತ ಕೂತಿರುತ್ತಾರೆ.

ಮೂರನೆಯದೇ ಇರಲಿ ಅನ್ನಲು ಬಾಯಿ ತೆರೆದೆ.
"ಒಂದು ಮಾತು," ಅಂದ ಆರ್ವಲ್,
"ಇದರಲ್ಲಿ ಅಜ್ಜಿ ಗೇರು ಇಲ್ಲ."

ಅಜ್ಜಿ ಗೇರೆಂದರೆ
ಹೊರಡಲು ಯಾರೂ ಬಳಸದ ಒಂದನೇ ಗೇರು.
ರಸ್ತೆಯಲ್ಲಿ ಅದರ ನೆನಪೂ ಬರುವುದಿಲ್ಲ.
ಜನವರಿಯ ಹಿಮದಲ್ಲಿ ಅದಕ್ಕೆ ಹಾಕಿ ಕ್ಲಚ್ಚು ಬಿಟ್ಟರೆ
ತಾನೇ ನಡೆಯುತ್ತದೆ ಗಾಡಿ,
ಮಂಡಿನೋವಿನ ಮುದುಕಿ ಚರ್ಚಿಗೆ ಹೊರಟಂತೆ.
ಸ್ಟಿಯರಿಂಗಿಗೆ ಹಗ್ಗ ಬಿಗಿದು ಇಳಿಯುತ್ತೇನೆ,
ಓಡಿ ಹಿಂದಿನಿಂದ ಹತ್ತಿ
ಕಂತೆ ಬಿಚ್ಚಿ ಕುರಿಗಳಿಗೆ ಹುಲ್ಲು ಎಸೆಯುತ್ತೇನೆ,
ಮುಂದಿನ ಸೀಟು ಖಾಲಿ,
ಬಾಗಿಲು ಪಟಪಟ ಹೊಡೆದುಕೊಳ್ಳುತ್ತಿರುತ್ತದೆ.
ಹನ್ನೊಂದು ಚಳಿಗಾಲ ಹೀಗೆ, ಯಾರ ಹಂಗೂ ಇಲ್ಲದೆ.
ಒಮ್ಮೆ ಮಾತ್ರ ಹೋಗಿ ಬೇಲಿಗೆ ಒರಗಿತ್ತು,
ತಪ್ಪು ಮಾಡಿದ ನಾಯಿಯಂತೆ ಅಲ್ಲೇ ಗುರುಗುಡುತ್ತ.

"ಇದರ ಒಂದನೇ ಗೇರಿಗೆ ಕಾಲು ಚುರುಕು.
ನೀನು ಕಂತೆ ಬಿಚ್ಚುವಷ್ಟರಲ್ಲಿ ಓರೆಗನ್ ಮುಟ್ಟಿರುತ್ತದೆ.
ಒಳಗೆ ಯಾರಾದರೂ ಕೂರಬೇಕು."

ಯಾರಾದರೂ.
ಹೊರಗೆ ಬಾನೆಟ್ಟಿಲ್ಲದ ಗಾಡಿಗಳ ಮೇಲೆ
ಗಾಳಿ ಮರಳು ಉಜ್ಜುತ್ತಿತ್ತು.
ಬೆಲೆ ಕೇಳಿದೆ.
ಡ್ರೈವ್‌ಶಾಫ್ಟ್ ಕತ್ತರಿಸಿ ಹೊಂದಿಸಲು ಎಷ್ಟು ಎಂದು ಕೇಳಿದೆ.
ಹಳೆಯ ಕ್ಲಚ್ ತಟ್ಟೆ ಇದಕ್ಕೆ ಕೂರುತ್ತದೆಯೇ ಎಂದೂ.
ಕೇಳಬೇಕಾದವನು ಎಪ್ಪತ್ತು ಮೈಲಿ ಆಚೆ ಇದ್ದ.

ಆ ಗುರುವಾರವೂ ತಡವಾಯಿತು, ಸೂಪು ಆರಿತ್ತು.
ಎಲೆ ಹಂಚಿದರು.
ನನಗೆ ನಾಲ್ಕು, ಐದು, ಆರು, ಏಳು.
ಪೆಯೊನತ್ತ ನೋಡಿ ಕಣ್ಣು ಮುಚ್ಚಿದೆ.
ಮುಚ್ಚಿಕೊಂಡೇ ಕೇಳಿದೆ:
"ಬೆಳಗ್ಗೆ ಬೇಗ ಏಳುವ ಅಭ್ಯಾಸ ಉಂಟೇ ನಿನಗೆ?"
"ಯಾಕೆ?"
"ಗಾಡಿ ಓಡಿಸಬೇಕು. ಮೆಲ್ಲಗೆ. ಕುರಿಗಳ ನಡುವೆ.
ಚಳಿಗಾಲ ಪೂರ್ತಿ."

ಇದೆಂಥ ಸಂಜ್ಞೆಯೋ ಎಂದು ಎದುರಾಳಿ ಗೊಣಗಿದ.
ಕಣ್ಣು ಬಿಟ್ಟೆ.
ಪೆಯೊ ತನ್ನ ಎಲೆಗಳನ್ನು ನೋಡಿದ,
ನನ್ನನ್ನು ನೋಡಿದ,
ಕೆಳತುಟಿ ಕಚ್ಚಿದ.

ಎಲೆ ತೆರೆದಾಗ ಅವನ ಕೈಯಲ್ಲಿ
ಒಬ್ಬ ರಾಜನೂ ಇರಲಿಲ್ಲ.