ಎಡಗಿವಿಯ ಪಕ್ಕದಿಂದ

ಶನಿವಾರ ಸಂಜೆ, ಬಲ್ಮಠದ ಇಳಿಜಾರಿನ ಹೋಟೆಲು.
ಮೂಲೆಯ ಮೇಜು ನಮ್ಮದೆಂದು ಸಪ್ಲೈಯರನಿಗೂ ಗೊತ್ತು.
ಗೋಳಿಬಜೆಗಿಂತ ಮೊದಲೇ ಬಂದು ಕೂರುತ್ತಾನೆ
ಗಿರಗಿಟ್ಲೆ ಲ್ಯಾನ್ಸಿ.
ಮನುಷ್ಯನಲ್ಲ, ಮಾತು.

"ಎಂತ ಆಟ ಮಾರಾಯಾ ಅದು" ಎಂದು ಕೋಟ್ಯಾನ್
ಉಪ್ಪಿನ ಕುಪ್ಪಿಯನ್ನು ಬೆನ್ನ ಹಿಂದಿನಿಂದ ದಾಟಿಸಲು ಹೋಗಿ
ಉಪ್ಪು ಚೆಲ್ಲುತ್ತಾನೆ. ವಾರವಾರವೂ ಚೆಲ್ಲುತ್ತಾನೆ.

"ಆಟ ಅಲ್ಲ, ಪುಂಡುವೇಷ" ಎನ್ನುತ್ತಾರೆ ಪೈಗಳು.
"ಧಿಗಿಣ ಹಾಕಿದ, ಚಪ್ಪಾಳೆ ತಿಂದ.
ಪ್ರಸಂಗ ಮುಗಿಸಿದ್ದುಂಟಾ ಒಂದು ದಿನ?"
ಬ್ಯಾಂಕಿನಲ್ಲಿದ್ದವರು, ಲೆಕ್ಕ ಬಾಯಲ್ಲೇ ಉಂಟು:
ನಲವತ್ತೊಂದು ಪಂದ್ಯ, ಕೈತಪ್ಪಿದ ಚೆಂಡು ಇನ್ನೂರ ಹದಿನಾರು,
ಕಪ್ಪು ಸೊನ್ನೆ.
ಸೊನ್ನೆಯನ್ನು ಅವರು ಬೆರಳಲ್ಲಿ ಬರೆದು ತೋರಿಸುತ್ತಾರೆ,
ಚೆಲ್ಲಿದ ಉಪ್ಪಿನ ಮೇಲೆ.

ಇದಿನಬ್ಬ ಕಾಲೇಜಿನವನಲ್ಲ.
ದಕ್ಕೆಯಲ್ಲಿ ಬೂತಾಯಿ ಬುಟ್ಟಿ ಇಳಿಸಿ
ಕೈ ಸರಿಯಾಗಿ ತೊಳೆಯದೆ ಓಡಿಬಂದು
ಕಂಪೌಂಡು ಗೋಡೆಯ ಗಾಜಿನ ಚೂರುಗಳ ನಡುವೆ
ಜಾಗ ಮಾಡಿಕೊಂಡು ಕೂತವನು.
"ಗೆದ್ದದ್ದು ಸೋತದ್ದು ನನಗೆ ನೆನಪಿಲ್ಲ ಪೈಗಳೇ.
ಕಾಲು ನೆನಪುಂಟು.
ಒಂದಕ್ಕೆ ಕೆಂಪು ಸಾಕ್ಸು, ಒಂದಕ್ಕೆ ಹಳದಿ.
ಯಾವುದು ಎಲ್ಲಿ ಹೋಯಿತು ಅಂತ ನೋಡುವಷ್ಟರಲ್ಲಿ
ಅವನು ಆಚೆ ಕಡೆ."

ಸಾಕ್ಸಿಗೆ ಪಾದ್ರಿಗಳು ಎರಡು ಸಲ ಎಚ್ಚರಿಸಿದ್ದರು.
ಮೂರನೇ ಸಲ ಕೇಳಿದರಂತೆ: ಎಲ್ಲಿ ಸಿಗುತ್ತದೆ ಇದು?

ಕೋಟ್ಯಾನ್ ಹೊಸ ಸಾಕ್ಷಿ ತಂದಿದ್ದಾನೆ ಇವತ್ತು.
ಉರ್ವದ ಕೋರ್ಟಿನಲ್ಲಿ ಮೊನ್ನೆ ಒಬ್ಬ ಪೋರ
ಇನ್ನೊಬ್ಬನಿಗೆ ಕೂಗಿದನಂತೆ, "ಗಿರಗಿಟ್ಲೆ ಹೊಡಿಯಾ, ಗಿರಗಿಟ್ಲೆ!"
ಯಾರು ಕಲಿಸಿದ್ದು ಎಂದರೆ
ಅದರ ಹೆಸರೇ ಅದು ಅಂಕಲ್, ಎಂದನಂತೆ.
"ಕಪಾಟಿನ ಕಪ್ಪಿಗೆ ಧೂಳು ಹಿಡೀತದೆ. ಇದಕ್ಕೆ?"
ಪೈಗಳು ಚಟ್ನಿಯನ್ನೇ ನೋಡುತ್ತಾರೆ ಸ್ವಲ್ಪ ಹೊತ್ತು.
ಆಮೇಲೆ, ನಾನು ಕಾಯುತ್ತಿದ್ದ ಹಾಗೆಯೇ,
"ಎಂಬತ್ತೆಂಟರ ಫೈನಲ್ಲು?" ಎನ್ನುತ್ತಾರೆ.

ಅರವತ್ತೊಂದು, ಅರವತ್ತೆರಡು. ನಾಲ್ಕು ಸೆಕೆಂಡು.
ಸುಮ್ಮನೆ ಎಸೆದಿದ್ದರೆ ಬುಟ್ಟಿಗೆ ಬೀಳುತ್ತಿತ್ತು.
ಇವನು ಮೂವರ ನಡುವೆ ಬುಗುರಿಯಾಗಿ ತಿರುಗಿ
ಮುಖ ಗ್ಯಾಲರಿಗೆ, ಚೆಂಡು ಹಿಂದಕ್ಕೆ,
ಬೋರ್ಡಿನ ಕೆಳಗಿದ್ದ ಆರನೇ ನಂಬರಿನವನಿಗೆ.
ಚೆಂಡು ಹೋಗಿ ನೀರಿನ ಡ್ರಮ್ಮಿಗೆ ಬಡಿಯಿತು.

ಆರನೇ ನಂಬರು ನಾನು.

"ನೀನೆಂತ ಮಾಡುವುದು, ಪಾಪ" ಎನ್ನುತ್ತಾರೆ ಪೈಗಳು,
"ನೋಡದೆ ಎಸೆದದ್ದನ್ನು ದೇವರೂ ಹಿಡಿಯಲಿಕ್ಕಿಲ್ಲ."
ಕೋಟ್ಯಾನ್ ಕೂಡ ಇಲ್ಲಿ ತಲೆಯಾಡಿಸುತ್ತಾನೆ.
ಮೂವರೂ ಒಪ್ಪುವ ಮಾತು ಇದೊಂದೇ.
ನಾನು ಚಮಚ ಆಡಿಸುತ್ತೇನೆ
ಸಕ್ಕರೆ ಇಲ್ಲದ ಚಹಾದಲ್ಲಿ.

ಚೆಂಡು ಸರಿಯಾಗಿಯೇ ಬಂದಿತ್ತು.
ಕೈ ಎಲ್ಲಿರಬೇಕಿತ್ತೋ ಅಲ್ಲಿಗೇ,
ಎದೆಯ ಎತ್ತರಕ್ಕಿಂತ ಒಂದು ಗೇಣು ಮೇಲೆ, ಎಡಕ್ಕೆ,
ಎರಡು ವರ್ಷ ಬೆಳಿಗ್ಗೆ ಐದೂವರೆಗೆ ಎದ್ದು
ಅವನೂ ನಾನೂ ಗೆರೆ ಎಳೆದುಕೊಂಡ ಜಾಗಕ್ಕೆ.
ಕೈ ಅಲ್ಲಿರಲಿಲ್ಲ.
ನಾನು ಅವನನ್ನು ನೋಡುತ್ತಾ ನಿಂತಿದ್ದೆ,
ಬಾಯಿ ಸ್ವಲ್ಪ ತೆರೆದು,
ಟಿಕೆಟಿಲ್ಲದೆ ಒಳಗೆ ಬಂದವನ ಹಾಗೆ.
ಎಡಗಿವಿಗೆ ಗಾಳಿ ತಾಗಿತು, ಅಷ್ಟೆ.

ಆ ರಾತ್ರಿ ಲ್ಯಾನ್ಸಿ ಒದ್ದೆ ಟವಲನ್ನು ನನ್ನ ತಲೆಗೆ ಹಾಕಿ
ಪಕ್ಕದಲ್ಲಿ ಕೂತ. ಬೈಯಲಿಲ್ಲ.
ಯಾರಿಗೂ ಹೇಳಲಿಲ್ಲ, ಆಗಲೂ, ಆಮೇಲೂ.
"ಹೇಗಿತ್ತು?" ಎಂದ. "ಚಂದ ಇತ್ತಾ?"

ಅದು ಜಂಬವೋ ಮತ್ತೊಂದೋ
ಈ ಮೇಜಿನ ಮೇಲಿಟ್ಟರೆ ಒಂದು ವರ್ಷದ ಶನಿವಾರಗಳಿಗೆ ಸಾಕು.
ಇಡುವುದಿಲ್ಲ.

ಬಜ್ಪೆಯಲ್ಲಿ ಟಯರ್ ರಿಸೋಲ್ ಅಂಗಡಿಯಂತೆ ಅವನದು,
ಮಂಡಿಗೆ ಪಟ್ಟಿ ಕಟ್ಟಿಕೊಂಡು ನಡೆಯುತ್ತಾನಂತೆ.
ಬಸ್ಸು ಏಳು ಹತ್ತಕ್ಕೆ ಇದೇ ದಾರಿಯಲ್ಲಿ ಬರುತ್ತದೆ.
ಪೈಗಳು ಬಿಲ್ಲನ್ನು ನಾಲ್ಕು ಪಾಲು ಮಾಡುತ್ತಿರುವಾಗ
ನಾನು ಗಡಿಯಾರ ನೋಡುತ್ತೇನೆ.
ಏಳು ಎಂಟು.
ಏಳು ಒಂಬತ್ತು.